ಭಂಡಾರ ಹಚ್ಚಿದ ಕೂಸು

ಬಸ್ಸಿನಲ್ಲಿ ಪಕ್ಕದ ಹೆಂಗಸಿನ ತೊಡೆಯ ಮೇಲೆ ಮಲಗಿದ್ದ ಕೂಸಿನ ಹಣೆಯನ್ನು ಸುಧಾರಾಣಿ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ತಾನು ಒತ್ತಿದ್ದು ಅವಳಿಗೆ ಗೊತ್ತಾದದ್ದು ಆ ತಾಯಿ ಕೂಸನ್ನು ಎಳೆದುಕೊಂಡು ಸೆರಗಿನೊಳಗೆ ಮುಚ್ಚಿದ ಮೇಲೆಯೇ. "ಏನ್ ನೋಡ್ತೀರಿ?" ಎಂದು ಆಕೆ ಕೇಳಿದ ದನಿಗೆ ಮುಂದಿನ ಸೀಟಿನವರಿಬ್ಬರು ತಿರುಗಿ ನೋಡಿದರು. ನಾನು ನರ್ಸ್ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಹೋದ ವಾರವಾಗಿದ್ದರೆ ಹೇಳುತ್ತಿದ್ದಳು, ಹೇಳಿ ಕೂಸಿಗೆ ಹಾಕಿಸಬೇಕಾದ ಸೂಜಿಗಳ ಬಗ್ಗೆ ನಾಲ್ಕು ಮಾತೂ ಆಡುತ್ತಿದ್ದಳು. ಆದರೆ ಈಗ ಈ ಬಸ್ಸಿನಲ್ಲಿ ಎಷ್ಟು ಜನರ ಫೋನಿನಲ್ಲಿ ತನ್ನ ಮುಖ ಇದೆಯೋ ಯಾರಿಗೆ ಗೊತ್ತು. "ಸೊಳ್ಳಿ ಕುಂತಿತ್ರಿ" ಎಂದು ಸುಳ್ಳು ಹೇಳಿ ಕಿಟಕಿಯ ಕಡೆ ತಿರುಗಿದಳು. ಒತ್ತಿದ ಜಾಗ ಬಿಳಿಚಿ ಮತ್ತೆ ಕೆಂಪಗಾದದ್ದನ್ನು ಅಷ್ಟರೊಳಗೇ ನೋಡಿಕೊಂಡಿದ್ದಳು. ಹಳದಿ ಇರಲಿಲ್ಲ. ಯಾರದೋ ಕೂಸು, ಅದಕ್ಕೇನೂ ಆಗಿಲ್ಲವೆಂದು ತನಗೇಕೆ ಇಷ್ಟು ಸಮಾಧಾನವಾಗಬೇಕು ಎಂದು ತನ್ನ ಮೇಲೆಯೇ ಸಿಟ್ಟು ಬಂತು. ಇಳಕಲ್ಲಿನ ಬಸ್ಸು ನವನಗರ ದಾಟಿ ಕಪ್ಪು ಎರಿ ಹೊಲಗಳ ನಡುವೆ ಓಡುತ್ತಿತ್ತು, ಕಂಡಕ್ಟರ್ ಚಿಲ್ಲರೆಗಾಗಿ ಯಾರೊಡನೆಯೋ ಜಗಳ ತೆಗೆದಿದ್ದ. ಇವತ್ತು ಜಿಲ್ಲೆಯ ಸಾಹೇಬರು ವಿಚಾರಣೆಗೆ ಬರುತ್ತಾರೆ. ಅವರ ಮುಂದೆ ಏನು ಹೇಳುವುದೆಂದು ರಾತ್ರಿಯೆಲ್ಲ ಯೋಚಿಸಿ ಅವಳಿಗೆ ಒಂದು ವಾಕ್ಯವೂ ಹೊಳೆದಿರಲಿಲ್ಲ.

ಒತ್ತಿ ನೋಡುವುದು ಕಷ್ಟದ ವಿದ್ಯೆಯೇನಲ್ಲ. ನರ್ಸಿಂಗ್ ಕಲಿಯುವ ಹುಡುಗಿಯರಿಗೆ ಮೊದಲ ತಿಂಗಳಲ್ಲೇ ಕಲಿಸಿಬಿಡುತ್ತಾರೆ. ಹುಟ್ಟಿದ ಕೂಸಿನ ಹಣೆ, ಎದೆ, ಹೊಟ್ಟೆ, ಅಂಗಾಲು, ಒಂದೊಂದು ಕಡೆ ಬೆರಳಿನಿಂದ ಒತ್ತಿ ಬಿಡಬೇಕು. ಬಿಳಿಚಿದ ಚರ್ಮದಲ್ಲಿ ಹಳದಿ ಕಂಡರೆ ಕಾಮಣಿ, ಅಂದರೆ ಕಾಮಾಲೆ, ಏರುತ್ತಿದೆ ಎಂದು ತಿಳಿಯಬೇಕು. ಹೊಟ್ಟೆಯಿಂದ ಕೆಳಗೆ ಇಳಿದಿದ್ದರೆ ಡಾಕ್ಟರರನ್ನು ಕೂಗಬೇಕು. ಒಂದು ಕೂಸಿಗೆ ಅರೆಗಳಿಗೆಯ ಕೆಲಸ. ಆ ಅರೆಗಳಿಗೆ ಎಲ್ಲಿ ಹೋಯಿತು ಎಂಬುದನ್ನೇ ಸುಧಾರಾಣಿ ಈಗ ಹಗಲೂ ರಾತ್ರಿ ಹುಡುಕುತ್ತಿದ್ದಳು. ಆ ಶುಕ್ರವಾರ ಮುಂಜಾನೆ, ರಾತ್ರಿಯ ಪಾಳಿ ಮುಗಿಸಿ ಚೀಲ ಹೆಗಲಿಗೆ ಹಾಕಿಕೊಂಡಾಗ ಜೊತೆಯ ಸಿಸ್ಟರ್ ಪ್ರೀತಿಯನ್ನು ಬಾದಾಮಿಯ ಆರೋಗ್ಯ ಶಿಬಿರಕ್ಕೆ ಕಳಿಸಿದ್ದಾರೆ, ಮುಂಜಾನೆಯ ಪಾಳಿಗೆ ಬೇರೆ ಯಾರೂ ಇಲ್ಲ ಎಂದು ತಿಳಿಯಿತು. ಚೀಲವನ್ನು ಮತ್ತೆ ಮೊಳೆಗೆ ತೂಗುಹಾಕಿದಳು. ಹೆರಿಗೆ ಕೋಣೆಯಲ್ಲಿ ಇಬ್ಬರು ನರಳುತ್ತಿದ್ದರು. ಬಾಣಂತಿಯರ ವಾರ್ಡು ತುಂಬಿ ಇಬ್ಬಿಬ್ಬರು ಒಂದೇ ಮಂಚದ ಮೇಲಿದ್ದರು. ಹೆಣ್ಣುಮಕ್ಕಳ ವಾರ್ಡಿನಲ್ಲಿ ವಾಂತಿಯ ಪೇಶಂಟುಗಳು ನೆಲದ ಮೇಲೆ ಚಾಪೆ ಹಾಸಿಕೊಂಡಿದ್ದರು. ಇಷ್ಟಕ್ಕೂ ಒಬ್ಬಳೇ ಸಿಸ್ಟರ್. ಅದರ ಮೇಲೆ ಫೋನಿನಲ್ಲಿ ತುಂಬಿಸಬೇಕಾದ ಮಾಹಿತಿ. ತುಂಬಿಸದಿದ್ದರೆ ಮಧ್ಯಾಹ್ನದೊಳಗೆ ಬಾಗಲಕೋಟೆಯ ಜಿಲ್ಲಾ ಕಚೇರಿಯಿಂದ ಫೋನು ಬರುತ್ತದೆ, ಕೂಸು ಸತ್ತರೂ ಅಷ್ಟು ಬೇಗ ಬರುವುದಿಲ್ಲ.

ಆ ಮುಂಜಾನೆ ಬೋರವ್ವ ಭಂಡಾರದ ಚೀಲ ಹಿಡಿದುಕೊಂಡು ಬಂದಿದ್ದಳು. ಐಹೊಳೆಯ ಹತ್ತಿರದ ಹಳ್ಳಿಯವಳು, ಸೊಸೆ ವಿದ್ಯಾಳಿಗೆ ಹಿಂದಿನ ರಾತ್ರಿ ಹೊಟ್ಟೆ ಕೊಯ್ದು ಗಂಡುಕೂಸು ತೆಗೆದಿದ್ದರು. ಮಗ ನಿಂಗರಾಜ ಇಳಕಲ್ಲಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿದ್ದಾನೆ. ಮುದುಕಿ ತಮ್ಮೂರ ಬೀರಪ್ಪನ ಗುಡಿಯಿಂದ ತಂದ ಅರಿಶಿನದ ಪುಡಿಯನ್ನು ಮುಷ್ಟಿಯಲ್ಲಿ ತೆಗೆದು, ಎಣ್ಣೆಯಲ್ಲಿ ಕಲೆಸಿ, ಕೂಸಿನ ಹಣೆಗೆ, ಎದೆಗೆ, ಹೊಟ್ಟೆಗೆ, ಅಂಗಾಲಿಗೆ ಬಳಿಯುತ್ತಿದ್ದಳು. ಪ್ರೀತಿಯಾಗಿದ್ದರೆ ಒಂದೇ ಉಸಿರಿಗೆ ಗದರಿಸಿ ಒದ್ದೆ ಹತ್ತಿಯಿಂದ ಒರೆಸಿಬಿಡುತ್ತಿದ್ದಳು. ಅವಳು ಇಳಕಲ್ಲಿನ ನೇಕಾರರ ಮನೆಯ ಹುಡುಗಿ, ಭಂಡಾರವೆಂದರೆ ಅವಳಿಗೆ ಬಟ್ಟೆಗೆ ಹತ್ತಿದರೆ ಹೋಗದ ಕಲೆ ಅಷ್ಟೆ. ಸುಧಾರಾಣಿಯೂ ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಬೋರವ್ವ ತಲೆಯೆತ್ತಿ, "ಯವ್ವಾ, ನೀ ಯಾ ದೇವ್ರ ಒಕ್ಕಲಾ?" ಎಂದು ಕೇಳಿದಳು. ಇಂಥ ಪ್ರಶ್ನೆಗೆ ದವಾಖಾನೆಯಲ್ಲಿ ಉತ್ತರ ಕೊಡಬಾರದೆಂದು ಸುಧಾರಾಣಿ ಎಷ್ಟೋ ವರ್ಷದಿಂದ ನಿಯಮ ಮಾಡಿಕೊಂಡಿದ್ದಳು. ಆದರೂ "ನಮ್ದೂ ಬೀರಪ್ಪನ್ನ. ಬೇವೂರಾಕಿ" ಎಂದುಬಿಟ್ಟಳು. ಮುದುಕಿಯ ಮುಖ ಅರಳಿತು. ಅದೇ ಕೈಯಿಂದ ಅವಳ ಹಣೆಗೂ ಉದ್ದಕ್ಕೆ ಬಳಿದು, "ದಣದೀಯವ್ವಾ ನೀ, ಕಣ್ಣ ಕೆಂಪಾಗ್ಯಾವ" ಎಂದಳು. ಸುಧಾರಾಣಿಗೆ ಅಳು ಬಂತು. ಹಣೆಯನ್ನು ಯಾರಾದರೂ ಮುಟ್ಟಿ ಎಷ್ಟು ದಿನವಾಗಿತ್ತೋ. ಅಪ್ಪ ಮಾಳಪ್ಪ ಕುರಿ ಬಿಡುವ ಮುನ್ನ ಮನೆಯ ಮಕ್ಕಳಿಗೆಲ್ಲ ಹೀಗೇ ಹಚ್ಚುತ್ತಿದ್ದ, ಹಿಂಡಿನ ಮುಂದೆ ನಡೆಯುವ ಟಗರಿಗೂ ಹಚ್ಚುತ್ತಿದ್ದ. ಹಣೆ ಹಳದಿಯಾಗಿದ್ದರೆ ಎಲ್ಲ ಸುಖವಾಗಿದೆ ಎಂದು ಅವಳ ಕಣ್ಣು ಮೂರು ವರ್ಷದವಳಿದ್ದಾಗಲೇ ಕಲಿತುಕೊಂಡಿತ್ತು. ಕಾಲೇಜಿನಲ್ಲಿ ಕಲಿಸಿದ್ದು ಅದರ ಮೇಲೆ ಬಳಿದ ಬಣ್ಣ. ಆ ದಿನವೂ, ಮರುದಿನ ಶನಿವಾರವೂ ಆ ಮಂಚದ ಪಕ್ಕ ಎಷ್ಟು ಸಲ ಹಾದುಹೋದಳೋ. ಕೂಸು ಹಳದಿಯಾಗಿತ್ತು, ಮಲಗಿತ್ತು, ಅವಳ ಕಣ್ಣು ಸಮಾಧಾನದಿಂದ ಮುಂದೆ ಹೋಯಿತು.

ಶನಿವಾರ ಸಂಜೆ ಪ್ರೀತಿ ಬಾದಾಮಿಯಿಂದ ಬಂದು ಪಾಳಿ ವಹಿಸಿಕೊಂಡವಳೇ ಗೊಣಗುತ್ತ ಹತ್ತಿ ಒದ್ದೆ ಮಾಡಿಕೊಂಡು ಕೂಸನ್ನು ಒರೆಸಿದಳು. ಭಂಡಾರವೆಲ್ಲ ಹತ್ತಿಗೆ ಬಂತು. ಹಳದಿ ಹೋಗಲಿಲ್ಲ. ಆಮೇಲೆ ಓಡಾಟ, ಕೂಗಾಟ, ಆಂಬುಲೆನ್ಸು. ಆ ಹೊತ್ತಿನಲ್ಲಿ, ಪಾಳಿ ಒಪ್ಪಿಸಿದ ಸುಧಾರಾಣಿ ಒಳಗಿನ ಕೋಣೆಯಲ್ಲಿ ಮಧ್ಯಾಹ್ನದ ರೊಟ್ಟಿಯ ಗಂಟು ಬಿಚ್ಚಿಕೊಂಡು ಆಗಷ್ಟೇ ಕೂತಿದ್ದಳು. ನಿಂಗರಾಜ ಫೋನು ಮುಂದೆ ಹಿಡಿದುಕೊಂಡೇ ಒಳಗೆ ಬಂದ. ವಿಡಿಯೋದಲ್ಲಿ ಇರುವುದು ಅದೇ: ಬಾಯಿ ತುಂಬ ರೊಟ್ಟಿ ತುಂಬಿಕೊಂಡು, ನುಂಗಲಾರದೆ, ಉಗುಳಲಾರದೆ ಕಣ್ಣು ಬಿಡುತ್ತಿರುವ ಒಬ್ಬ ಸಿಸ್ಟರ್. "ನೋಡ್ರಿ, ಕೂಸು ಸಾಯಾಕತ್ತೈತಿ, ಇವ್ರು ಉಣ್ಣಾಕತ್ತಾರ" ಎಂಬ ನಿಂಗರಾಜನ ದನಿ. ಅದನ್ನು ನೋಡಿದವರು ಏನೇನು ಬರೆದಿದ್ದರು ಎಂಬುದನ್ನು ಅವಳು ಓದಿದ್ದಳು. ಓದಬಾರದೆಂದುಕೊಂಡೇ ಎಲ್ಲವನ್ನೂ ಓದಿದ್ದಳು. ವಿಚಿತ್ರವೆಂದರೆ ಅವಳಿಗೆ ಕೂಸಿಗಿಂತ ಮೊದಲು ಆ ರೊಟ್ಟಿ ನೆನಪಾಗುತ್ತಿತ್ತು, ಅದಕ್ಕೆ ಇನ್ನಷ್ಟು ನಾಚಿಕೆಯಾಗುತ್ತಿತ್ತು.

ಬಸ್ಸು ಇಳಿದು ಬಂದಾಗ ತಾಲೂಕು ದವಾಖಾನೆಯ ಬಾಗಿಲಲ್ಲಿ ಕಸ ಗುಡಿಸುವ ರೇಣವ್ವ ಕಾದು ನಿಂತಿದ್ದಳು. "ದೊಡ್ಡ ಡಾಕ್ಟರ್ ಕರದಾರ, ಮೊದ್ಲ ಅಲ್ಲಿ ಹೋಗ್ರಿ" ಎಂದಳು. ಡಾಕ್ಟರರ ಕಣ್ಣುಗಳೂ ಕೆಂಪಗಿದ್ದವು. ಇಡೀ ತಾಲೂಕಿನ ಹೆರಿಗೆಗೆ ಅವರೊಬ್ಬರೇ. ಬೇರೆ ದಿನ ಅವರ ಮೇಲೆ ಸುಧಾರಾಣಿಗೆ ಕನಿಕರವಿತ್ತು, ಇವತ್ತು ಇರಲಿಲ್ಲ. ಅವರು ಅವಳನ್ನು ಕೂರಲು ಹೇಳಿದರು. ಅವರು ಹಾಗೆ ಹೇಳಿದ್ದು ಇದೇ ಮೊದಲು.

"ಸಿಸ್ಟರ್, ಇದರಾಗ ಮುಚ್ಚಿಡೋದೇನೂ ಇಲ್ಲ. ಮನಿ ಮಂದಿ ಮೈತುಂಬ ಅರಿಶಿಣ ಬಳದಿದ್ರು, ಕಾಮಣಿ ಕಾಣಲಿಲ್ಲ. ಖರೇನೇ ಅಲ್ಲೇನು ಅದು?"

"ಖರೆ ಸರ್."

"ಹಚ್ಚಬ್ಯಾಡ್ರಿ ಅಂತ ನೀವು ಹೇಳಿದ್ರಿ. ಮುದುಕಿ ಕೇಳಲಿಲ್ಲ. ಅಷ್ಟ ಹೇಳ್ರಿ ಸಾಹೇಬ್ರ ಮುಂದ."

ಡಾಕ್ಟರ್ ಕನ್ನಡಕ ತೆಗೆದು ಕಣ್ಣು ತಿಕ್ಕಿಕೊಂಡರು.

"ನಿಮ್ಮ ಕೆಲಸ ಹೋದ್ರ ಇನ್ನೊಬ್ಬಾಕಿನ್ನ ಕೊಡ್ತಾರಂತ ತಿಳದೀರೇನು? ಇರೋ ಹುದ್ದೆನೂ ಖಾಲಿ ಇಡ್ತಾರ. ಪ್ರೀತಿ ಒಬ್ಬಾಕಿ ಸಾಯ್ತಾಳ ಇಲ್ಲಿ."

ಇದೂ ಖರೆಯೇ. ಸುಳ್ಳನ್ನು ಇಷ್ಟು ಖರೆಗಳ ನಡುವೆ ಇಟ್ಟುಕೊಟ್ಟರೆ ಯಾರಿಗಾದರೂ ನುಂಗಲು ಸುಲಭ. ವಾರ್ಡಿಗೆ ನಡೆಯುವಾಗ ಅವಳ ಮನಸ್ಸು ಆ ಮಾತನ್ನು ಆಗಲೇ ಅಭ್ಯಾಸ ಮಾಡುತ್ತಿತ್ತು. ಹಚ್ಚಬ್ಯಾಡ್ರಿ ಅಂತ ಹೇಳಿದ್ನಿ, ಕೇಳಲಿಲ್ರಿ. ಬಾಯಿ ತೆರೆದಿದ್ದಂತೂ ನಿಜ. ತೆರೆದ ಬಾಯಿಂದ ಮಾತು ಹೊರಬಂದಿತ್ತು ಎಂದರೆ ಎಷ್ಟು ದೊಡ್ಡ ಸುಳ್ಳಾದೀತು? ಮುದುಕಿಗೇನೂ ಶಿಕ್ಷೆ ಕೊಡುವುದಿಲ್ಲ. ಊರವರು ನಾಲ್ಕು ದಿನ ಮೂಢರು ಎನ್ನುತ್ತಾರೆ, ಸೊಸೆಯ ಕಡೆಯವರು ಕೂಸನ್ನು ಹಾಳುಮಾಡಿದವಳೆಂದು ಜನ್ಮವಿಡೀ ಅನ್ನುತ್ತಾರೆ. ಹೀಗೆ ಲೆಕ್ಕ ಹಾಕುತ್ತಿರುವವಳು ತಾನೇ ಎಂದು ಅವಳಿಗೆ ನಂಬಲು ಆಗಲಿಲ್ಲ.

ವಿದ್ಯಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹೊಲಿಗೆ ಬಿಚ್ಚುವವರೆಗೆ ಅವಳು ಇಲ್ಲಿ, ಅವಳ ಕೂಸು ಬಾಗಲಕೋಟೆಯಲ್ಲಿ. ಕುಡಿಯುವವರಿಲ್ಲದ ಹಾಲು ಕುಪ್ಪಸದಿಂದ ಸೋರಿ ಹಾಸಿಗೆಯ ಒಂದು ಕಡೆ ಒದ್ದೆಯಾಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಬಟ್ಟೆ ಬದಲಿಸಲು ಯಾರೂ ಬಂದಿರಲಿಲ್ಲ, ಬರಬೇಕಾದವಳು ಬಸ್ಸಿನಲ್ಲಿದ್ದಳು. ಆ ಹುಡುಗಿ ಸುಧಾರಾಣಿಯೊಡನೆ ಒಂದು ಮಾತೂ ಆಡಿರಲಿಲ್ಲ, ಕೂಸನ್ನು ಒಯ್ದ ದಿನದಿಂದಲೂ. ಮಂಚದ ಕೆಳಗೆ ಕೂತಿದ್ದ ಬೋರವ್ವ ಸೆರಗಿನಿಂದ ಕೈ ಒರೆಸಿಕೊಂಡು ಎದ್ದಳು. "ನಿಂಗ್ಯಾ ಫೋನ್ ಹಚ್ಚಿದ್ದ. ರಕ್ತ ಬದಲ ಮಾಡ್ಯಾರಂತ. ಜೀವ ಐತಿ. ಆದ್ರ ಕುತ್ತಿಗಿ ಹಿಂದಕ್ಕ ಸೆಟಿಸ್ತೈತಂತ ಯವ್ವಾ. ಕಿವಿ ಕೇಳತಾವೋ ಇಲ್ಲೋ, ಕೈಕಾಲು ಹ್ಯಾಂಗೋ, ಈಗ ಹೇಳಾಕಾಗಾಂಗಿಲ್ಲ ಅಂದಾರಂತ." ಸುಧಾರಾಣಿಗೆ ಅದರ ಅರ್ಥ ಗೊತ್ತಿತ್ತು. ಕಾಮಣಿ ಮೆದುಳಿಗೆ ಏರಿದೆ. ಆ ಕೂಸು ಬದುಕುತ್ತದೆ, ಬಹಳ ವರ್ಷ ಬದುಕುತ್ತದೆ, ಯಾರಾದರೂ ಎತ್ತಿಕೊಂಡೇ ಇರಬೇಕು. ಅವಳು ಹೇಳಲಿಲ್ಲ. ಬೋರವ್ವ ಇನ್ನೂ ಹತ್ತಿರ ಬಂದು ದನಿ ತಗ್ಗಿಸಿದಳು. "ನಾ ಹಚ್ಚಿದ್ದ ತಪ್ಪಾತೇನ? ಮೈಲಿಗಿ ಕೈಲೇ ಮುಟ್ಟಿದ್ನೇನೋ. ದೇವ್ರು ಸಿಟ್ಟಾದ್ನೇನೋ. ನೀ ನಮ್ಮಾಕಿ, ನೀ ಹೇಳು." ಆಗ ಮೂಲೆಯ ಮಂಚದವಳ ಸಲಾಯನ್ ಬಾಟಲಿ ಮುಗಿದು ನಳಿಗೆಯಲ್ಲಿ ರಕ್ತ ಹಿಂದಕ್ಕೆ ಬಂತು, ಯಾರೋ ಕೂಗಿದರು. ಸುಧಾರಾಣಿ ಅತ್ತ ಓಡಿದಳು. ಅಲ್ಲಿಂದ ಹೆರಿಗೆ ಕೋಣೆಗೆ, ಅಲ್ಲಿಂದ ಔಷಧಿಯ ಕೋಣೆಗೆ. ಓಡುವುದು ಎಷ್ಟು ಹಿತವಾದ ಕೆಲಸ ಎಂದು ಅವಳಿಗೆ ಅನಿಸಿತು. ಒಂದು ಕಡೆ ನಿಂತು ಉತ್ತರ ಕೊಡಬೇಕಾಗಿಲ್ಲ.

ಸಾಹೇಬರು ಮಧ್ಯಾಹ್ನ ಬಂದರು. ದಪ್ಪಗಿನ, ಸೌಮ್ಯ ಮುಖದ ಮನುಷ್ಯ. ಗದರಿಸುವವರು ಬರುತ್ತಾರೆಂದು ಅಂದುಕೊಂಡಿದ್ದ ಸುಧಾರಾಣಿಗೆ ಇದರಿಂದ ಗಾಬರಿ ಹೆಚ್ಚಾಯಿತು. ಡಾಕ್ಟರ್ ಪಕ್ಕದಲ್ಲಿ ಕೂತಿದ್ದರು. ಬೋರವ್ವನನ್ನೂ ಕರೆಸಿ ಬಾಗಿಲ ಬಳಿ ನಿಲ್ಲಿಸಿದ್ದರು. ಕುರ್ಚಿ ಇತ್ತು, ಆಕೆ ಕೂರಲಿಲ್ಲ. ಸಾಹೇಬರು ಮೊದಲು ಆಕೆಯನ್ನೇ ಕೇಳಿದರು.

"ಕೂಸಿಗೆ ಅರಿಶಿಣ ಹಚ್ಚಿದವ್ರು ಯಾರಮ್ಮ?"

"ನಾನ ರೀ."

"ಹಚ್ಚಬ್ಯಾಡ್ರಿ ಅಂತ ಸಿಸ್ಟರ್ ಹೇಳಿದ್ರಾ?"

ಬೋರವ್ವ ಸುಧಾರಾಣಿಯ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ತಮ್ಮ ಮನೆಯ ಹುಡುಗಿ ಪರರ ಮುಂದೆ ತಲೆ ತಗ್ಗಿಸಿ ನಿಂತಿರುವುದನ್ನು ಕಂಡ ಹಿರಿಯಳ ನೋಟ ಅದು. "ಹೇಳಿದ್ರು ಸಾಹೇಬ್ರ" ಎಂದಳು, "ಎರಡೆರಡ ಸಲ ಹೇಳಿದ್ರು. ನಾನ ಕೇಳಲಿಲ್ಲ. ಆಕೀದೇನೂ ತಪ್ಪಿಲ್ರಿ."

ಯಾರೂ ಹೇಳಿಕೊಟ್ಟಿರಲಿಲ್ಲ. ಡಾಕ್ಟರರ ಮುಖದಲ್ಲಿಯೂ ಆಶ್ಚರ್ಯವಿತ್ತು. ಸಾಹೇಬರು ಬರೆದುಕೊಳ್ಳತೊಡಗಿದರು, ಅವರ ಹಣೆಯ ಗಂಟು ಸಡಿಲವಾಯಿತು. ಇನ್ನು ಸುಮ್ಮನಿದ್ದರೆ ಸಾಕಿತ್ತು. ಅವಳ ಪಾಲಿನ ಸುಳ್ಳನ್ನೂ ಆ ಮುದುಕಿ ಹೇಳಿಯಾಗಿತ್ತು. ಆದರೆ ಸುಧಾರಾಣಿ ಬಾಯಿ ತೆರೆದಳು, ಅದು ಧೈರ್ಯವೋ, ಒಬ್ಬಳ ಉಪಕಾರ ಹೊರಲಾರದ ಸೊಕ್ಕೋ, ಅವಳಿಗೇ ತಿಳಿಯಲಿಲ್ಲ.

"ಇಲ್ರಿ ಸರ್. ನಾ ಹೇಳಿಲ್ಲ. ನಾನೂ ಹಣಿಗಿ ಹಚ್ಚಿಸ್ಕೊಂಡ್ನಿ. ನಾ ಸಣ್ಣಾಕಿ ಇದ್ದಾಗಿಂದ ನೋಡಿದ ಹಳದಿ ಅದು. ಎರಡು ದಿನ ಕೂಸಿನ್ನ ಒಂದ ಸಲನೂ ಒತ್ತಿ ನೋಡಲಿಲ್ಲ. ತಪ್ಪು ನಂದು."

ಪೆನ್ನು ನಿಂತಿತು. ಡಾಕ್ಟರ್ ಕಿಟಕಿಯ ಕಡೆ ನೋಡಿದರು. ಸಾಹೇಬರು ಪೆನ್ನಿನ ಮುಚ್ಚಳ ಹಾಕಿ, "ರಾತ್ರಿ ಪಾಳಿ ಮಾಡಿ ಮುಂಜಾನಿನೂ ಮಾಡಿದ್ರಿ ಅಲ್ಲಾ?" ಎಂದರು.

"ಹೌದ್ರಿ."

"ನೀವು ಹೇಳಿದ್ದನ್ನ ಬರದ್ರ ಅದನ್ನೂ ಬರೀಬೇಕಾಗ್ತದ. ಮೂರು ವಾರ್ಡಿಗೆ ಒಬ್ಬಾಕಿ ಯಾಕಿದ್ಲು, ಇನ್ನೊಬ್ಬಾಕಿನ್ನ ಬಾದಾಮಿಗೆ ಯಾರು ಕಳಿಸಿದ್ರು, ಎಲ್ಲಾ ಬರೀಬೇಕು. ಕಳಿಸಿದ ಕಾಗದಕ್ಕ ನನ್ನ ಸಹಿನೇ ಐತಿ." ಅವರು ನಕ್ಕರು, ಅದು ದುಷ್ಟ ನಗೆಯಲ್ಲ. "ದಣಿದೀರಿ ನೀವು. ಹೋಗ್ರಿ, ವಾರ್ಡ್ ನೋಡ್ಕೋರಿ. ಅಜ್ಜಿ ಹೇಳಿದ್ದು ಸಾಕು."

ಹೊರಗೆ ಬಂದಾಗ ಕಾಲುಗಳು ಹಗುರವಾಗಿದ್ದವು. ತಾನು ಹೇಳಿದ್ದನ್ನು ಅವರು ಬರೆದುಕೊಳ್ಳಲಿಲ್ಲ ಎಂಬುದಕ್ಕೆ ಸಿಟ್ಟು ಬರಬೇಕಿತ್ತು, ಬಂದದ್ದು ಒಂದು ಬಗೆಯ ಹೆಮ್ಮೆ. ಡಾಕ್ಟರ್ ಹೇಳಲಿಲ್ಲ, ಸಾಹೇಬರು ಹೇಳಲಿಲ್ಲ, ನಾನು ಹೇಳಿದೆ. ಬೋರವ್ವ ಹಿಂದಿನಿಂದ ಬೇಗ ಬೇಗ ಬಂದು ಅವಳ ಕೈ ಹಿಡಿದು ನಿಲ್ಲಿಸಿದಳು.

"ಯಾಕ ಹಂಗ ಅಂದಿ? ನಾ ಒಪ್ಕೊಂಡಿದ್ನಲ್ಲ."

"ಖರೆ ಅದ ಐತಿ ಯವ್ವಾ. ಭಂಡಾರದಿಂದ ಏನೂ ಆಗಿಲ್ಲ. ದೇವ್ರೂ ಸಿಟ್ಟಾಗಿಲ್ಲ. ರಕ್ತ ಹೊಂದಾಣಿಕಿ ಆಗಿಲ್ಲ, ಅದಕ್ಕ ಕಾಮಣಿ ಆಗಿತ್ತು. ಮೊದಲ ನೋಡಿದ್ರ ಇಷ್ಟು ಆಗ್ತಿರಲಿಲ್ಲ. ನೋಡಬೇಕಾದಾಕಿ ನಾ."

ಬೋರವ್ವ ಅವಳ ಕೈ ಬಿಟ್ಟಳು. ಏನೋ ಕೇಳಲು ಹೊರಟವಳು ಕೇಳದೆ ಅಲ್ಲೇ ಗೋಡೆಗೆ ಒರಗಿ ಕುಕ್ಕರಿಸಿದಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ಅತ್ತಳೋ ಏನೋ, ಸುಧಾರಾಣಿ ನಿಂತು ನೋಡಲಿಲ್ಲ. ಅವಳಿಗೆ ಈಗ ಅವಸರ. ಸಾಹೇಬರಿಗೆ ಹೇಳಿದ್ದಾಯಿತು, ಮುದುಕಿಗೆ ಹೇಳಿದ್ದಾಯಿತು, ಇನ್ನು ಆ ಹುಡುಗಿಯೊಬ್ಬಳಿಗೆ ಹೇಳಿಬಿಟ್ಟರೆ ಮುಗಿಯಿತು. ಆಮೇಲೆ ಬೈಯಲಿ, ಕಪಾಳಕ್ಕೆ ಹೊಡೆಯಲಿ, ಅದನ್ನೂ ತಡೆದುಕೊಂಡರೆ ಇವತ್ತು ರಾತ್ರಿ ನಿದ್ದೆ ಬರುತ್ತದೆ. ಮನೆಗೆ ಹೋಗಿ ಬಿಸಿ ನೀರಿನಲ್ಲಿ ಮೈ ತೊಳೆದುಕೊಂಡು ಮಲಗಬೇಕು. ಔಷಧಿಯ ಕೋಣೆಯಿಂದ ಒಂದು ಒಗೆದ ಬೆಡ್‌ಶೀಟು ತೆಗೆದುಕೊಂಡಳು. ಬರಿಗೈಯಲ್ಲಿ ಹೋಗಲು ಸಂಕೋಚವಾಯಿತು.

ವಿದ್ಯಾಳ ಹಾಸಿಗೆಯನ್ನು ಅವಳು ತಾನೇ ಬದಲಿಸಿದಳು. ಹೊಲಿಗೆಗೆ ನೋವಾಗದಂತೆ ಹುಡುಗಿಯನ್ನು ಒಂದು ಬದಿಗೆ ಹೊರಳಿಸಿ, ಒದ್ದೆಯನ್ನು ಸುತ್ತಿ ತೆಗೆದು, ಒಗೆದದ್ದನ್ನು ಹಾಸಿ, ಮತ್ತೆ ಹೊರಳಿಸಿದಳು. ಬಿಸಿ ನೀರಿನ ಬಟ್ಟೆಯಿಂದ ಎದೆ ಒರೆಸಿದಳು. ಕಲ್ಲಾಗಿದ್ದ ಎದೆಯನ್ನು ಮುಟ್ಟಿದಾಗ ಹುಡುಗಿ ಹಲ್ಲು ಕಚ್ಚಿದಳು, ದನಿ ಮಾಡಲಿಲ್ಲ. ಇಷ್ಟು ನಿಧಾನವಾಗಿ ಒಬ್ಬ ಪೇಶಂಟಿನ ಹತ್ತಿರ ನಿಂತು ಎಷ್ಟು ಕಾಲವಾಯಿತು ಎಂದು ಸುಧಾರಾಣಿಗೆ ಅನಿಸಿತು, ಅದರಿಂದಲೂ ಒಂದು ತರಹದ ಸುಖವಾಯಿತು. ಆಮೇಲೆ ಹೇಳಿದಳು. ಸಾಹೇಬರ ಮುಂದೆ ಹೇಳಿದಷ್ಟು ಚುಟುಕಾಗಿ ಅಲ್ಲ. ಬೇವೂರಿನ ಮನೆ, ಅಪ್ಪ ಹಚ್ಚುತ್ತಿದ್ದ ಭಂಡಾರ, ಆ ಹಳದಿಗೆ ತನ್ನ ಕಣ್ಣು ಮೋಸಹೋದದ್ದು, ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅವಳ ಕಣ್ಣಲ್ಲಿ ನೀರು ಬಂತು, ಅದನ್ನು ಒರೆಸಿಕೊಳ್ಳಲಿಲ್ಲ.

ವಿದ್ಯಾ ಮೊದಲ ಸಲ ಅವಳ ಮುಖ ನೋಡಿದಳು. ಇಪ್ಪತ್ತು ದಾಟಿರದ ಮುಖ, ಅಳು ಎಂದೋ ಮುಗಿದು ಒಣಗಿದ ಮುಖ.

"ಭಂಡಾರದ್ದು ನನಗ ಗೊತ್ತಿಲ್ರಿ" ಎಂದಳು. "ಶನಿವಾರ ಮುಂಜಾನಿ ನಾ ನಿಮಗ ಹೇಳಿದ್ನಿ. ಅಕ್ಕಾರ, ಕೂಸು ಹಾಲು ಕುಡೀವಲ್ದು, ಎಬ್ಬಿಸಿದ್ರೂ ಏಳವಲ್ದು ಅಂತ. ನೀವು ಸಲಾಯನ್ ಬಾಟ್ಲಿ ಹಿಡ್ಕೊಂಡು ಹೊಂಟಿದ್ರಿ. ಸಣ್ಣ ಕೂಸು ಮಲಗತಾವು ಅಂದ್ರಿ. ಮಧ್ಯಾಹ್ನ ಮತ್ತ ಹೇಳಿದ್ನಿ. ಆವಾಗ ನೀವು ಏನೂ ಅನ್ಲಿಲ್ಲ, ಹೋಗಿಬಿಟ್ರಿ."

ಸುಧಾರಾಣಿ ಒದ್ದೆ ಬೆಡ್‌ಶೀಟನ್ನು ಎದೆಗೆ ಹಿಡಿದುಕೊಂಡು ನಿಂತೇ ಇದ್ದಳು. ಶನಿವಾರವನ್ನು ಮುಂಜಾನೆಯಿಂದ ಸಂಜೆಯವರೆಗೆ ಹುಡುಕಿದಳು. ಸಲಾಯನ್ ಬಾಟಲಿ ಇತ್ತು. ಮೂಲೆಯ ಮಂಚದವಳ ವಾಂತಿ ಇತ್ತು. ಮಾಹಿತಿ ತುಂಬಿಸಿಲ್ಲವೆಂದು ಬಂದ ಫೋನು, ಆ ಫೋನಿನಲ್ಲಿದ್ದವನು ಆಡಿದ ಒಂದೊಂದು ಮಾತು, ಕೊನೆಗೆ ಆ ರೊಟ್ಟಿ, ಎಲ್ಲ ಇತ್ತು. ಈ ಹುಡುಗಿಯ ದನಿ ಎಲ್ಲೂ ಇರಲಿಲ್ಲ. ಅಪ್ಪನನ್ನೂ, ಟಗರನ್ನೂ, ದೇವರನ್ನೂ ಕರೆತಂದು ಹೊಂದಿಸಿಕೊಂಡ ತನ್ನ ಇಷ್ಟು ದೊಡ್ಡ ತಪ್ಪಿನಲ್ಲಿ ಇವಳಿಗೆ ಜಾಗವನ್ನೇ ಇಟ್ಟಿರಲಿಲ್ಲ. ಕಣ್ಣಿಗೆ ಹಳದಿ ಕಾಣದೆ ಹೋಗಿರಬಹುದು, ಕಿವಿಗೇನಾಗಿತ್ತು?

"ನೀ ಹೇಳಿದ್ದು ನನಗ ನೆನಪ ಇಲ್ಲವ್ವಾ" ಎಂದಳು.

"ನನಗ ಐತ್ರಿ" ಎಂದು ವಿದ್ಯಾ ಹೊಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ಮೆಲ್ಲಗೆ, ಮತ್ತೆ ಗೋಡೆಯ ಕಡೆ ಹೊರಳಿದಳು.